ಗಗನಚುಂಬಿಗಳ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್

ನಮ್ಮ ಪತ್ರಿಕೆಯ ಈ ಅಂಕಣದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೂರು ಸಲ, ಅಬ್ದುಲ್ ಕಲಾಂ ಸಾಹೇಬರು ನಾಲ್ಕು ಸಲ ಬಂದು ಹೋಗಿದ್ದಾರೆ. ನಾನೂ ಕಲಾಂ ಅವರ ಮೇಲೆಯೇ ಎರಡು ಪುಟ ಬರೆದುಕೊಂಡು ಹೋಗಿದ್ದೆ. ಕನ್ನಡ ಉಪನ್ಯಾಸಕರು ಓದಿ ನೋಡಿ, ಲ ಇರುವ ಕಡೆ ಳ, ಳ ಇರುವ ಕಡೆ ಲ ಹಾಕಿದ್ದನ್ನೆಲ್ಲ ತಿದ್ದಿ, ಐದನೇ ಸಲ ಕಲಾಂ ಬೇಡ, ಬೇರೆ ಯಾರನ್ನಾದರೂ ಹುಡುಕು ಎಂದು ವಾಪಸ್ ಕೊಟ್ಟರು. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಅದಕ್ಕೇ ಲ, ಳ ನನಗೆ ಯಾವಾಗಲೂ ಕೈಕೊಡುತ್ತವೆ. ಈ ಬರಹದಲ್ಲೂ ಎಲ್ಲಾದರೂ ತಪ್ಪಿದ್ದರೆ ಕ್ಷಮಿಸಿ.

ಬೇರೆ ಯಾರು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಹೆಸರು ಕೊಟ್ಟವನು ನನ್ನ ಅಣ್ಣ. ಅವನು ಸಿವಿಲ್ ಎಂಜಿನಿಯರಿಂಗ್ ಏಳನೇ ಸೆಮಿಸ್ಟರ್‌ನಲ್ಲಿದ್ದಾನೆ. ಭಾಯಿ ಆಗ ಅಷ್ಟೇನೂ ಒಳ್ಳೆಯ ಮನಸ್ಥಿತಿಯಲ್ಲಿರಲಿಲ್ಲ. ಅವನ ಕಾಲೇಜಿಗೆ ಕೆಲಸ ಕೊಡಲು ಬಂದ ಕಂಪನಿಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರ್ ಕಂಪನಿಗಳು. ಸಿವಿಲ್ ಹುಡುಗರೂ ಸಂಜೆ ಹೊತ್ತು ಆಪ್ಟಿಟ್ಯೂಡ್ ತರಬೇತಿ, ಕೋಡಿಂಗ್ ತರಬೇತಿ ಎಂದು ಓಡಾಡುತ್ತಿದ್ದರು. ಭಾಯಿ ಎರಡು ಕಂಪನಿಗಳ ಪರೀಕ್ಷೆ ಬರೆದ, ಎರಡರಲ್ಲೂ ಆಗಲಿಲ್ಲ. ಮೂರನೆಯದಕ್ಕೆ ಬ್ಯಾಕ್‌ಲಾಗ್ ಇರುವವರು ಕೂರುವಂತೆಯೇ ಇರಲಿಲ್ಲ. ಅವನಿಗೆ ಒಂದು ಬ್ಯಾಕ್‌ಲಾಗ್ ಇತ್ತು, ಮೂರನೇ ಸೆಮಿಸ್ಟರ್‌ನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. ಅಂದರೆ ಒಂದು ವಸ್ತು ಎಷ್ಟು ಭಾರ ಹೊರುತ್ತದೆ, ಎಷ್ಟು ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎನ್ನುವ ವಿಷಯ. ಕೆಲಸಕ್ಕೆ ಬಾರದ ಆ ವಿಷಯ ತನ್ನ ಕೆಲಸವನ್ನೇ ತಪ್ಪಿಸಿತು ಎಂದು ಅವನು ಸಿಟ್ಟಾಗಿದ್ದ. ಅದೇ ದಿನ ನಾನು ಹೋಗಿ, ದೊಡ್ಡ ಎಂಜಿನಿಯರ್ ಯಾರಾದರೂ ಇದ್ದರೆ ಹೇಳು ಭಾಯಿ ಎಂದೆ. ತನ್ನ ಪುಸ್ತಕದ ಒಂದು ಪುಟ ತೆಗೆದು ತೋರಿಸಿ, ಇವರ ಬಗ್ಗೆ ಬರೆದುಕೋ, ನನ್ನನ್ನು ಬಿಡು ಎಂದ.

ಆ ಪುಟದಲ್ಲಿದ್ದ ಹೆಸರು ಫಜ್ಲುರ್ ರಹಮಾನ್ ಖಾನ್. ಹೆಸರು ನಮ್ಮ ಮೊಹಲ್ಲಾದ ಯಾರದ್ದೋ ಇದ್ದ ಹಾಗಿದೆ. ಆದರೆ ಪಕ್ಕದಲ್ಲಿದ್ದ ಚಿತ್ರ ಅಮೆರಿಕದ ಚಿಕಾಗೋ ನಗರದ ನೂರು ಅಂತಸ್ತಿನ ಕಟ್ಟಡದ್ದು. ಇದನ್ನು ಬರೆಯಲು ಭಾಯಿ ಒಪ್ಪಿಗೆ ಕೊಟ್ಟಿದ್ದಾನೆ, ತನ್ನ ಕಾಲೇಜಿನ ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ.

ಖಾನ್ ಹುಟ್ಟಿದ್ದು 1929ರ ಏಪ್ರಿಲ್ 3ರಂದು, ಢಾಕಾದಲ್ಲಿ. ಆಗ ಅದು ಬ್ರಿಟಿಷ್ ಇಂಡಿಯಾದ ಬಂಗಾಳ ಪ್ರಾಂತ್ಯದ ಊರು. ತಂದೆ ಅಬ್ದುರ್ ರಹಮಾನ್ ಖಾನ್ ಗಣಿತದ ಮೇಷ್ಟ್ರು, ಪಠ್ಯಪುಸ್ತಕ ಬರೆದವರು, ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಹುದ್ದೆಗೆ ಏರಿದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಹಾನ್ ವ್ಯಕ್ತಿಗಳ ಬಗ್ಗೆ ಬರೆಯುವಾಗ ನಾವು ಎಲ್ಲರನ್ನೂ ಬೀದಿ ದೀಪದ ಕೆಳಗೆ ಕೂರಿಸುತ್ತೇವೆ. ಖಾನ್ ಬೀದಿ ದೀಪದ ಕೆಳಗೆ ಓದಿದವರಲ್ಲ. ಅವರ ಮನೆಯಲ್ಲಿ ಪುಸ್ತಕವಿತ್ತು, ಲೆಕ್ಕ ಬಾರದಿದ್ದರೆ ಹೇಳಿಕೊಡಲು ತಂದೆಯೇ ಇದ್ದರು. ಅವರ ಕಷ್ಟ ಬೇರೆ ಕಡೆಯಿಂದ ಬಂತು.

ಢಾಕಾದ ಅರ್ಮಾನಿಟೋಲಾ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದ ಅವರು ಎಂಜಿನಿಯರಿಂಗ್‌ಗೆ ಸೇರಿದ್ದು ಕಲ್ಕತ್ತೆಯ ಪಕ್ಕ, ಹೂಗ್ಲಿ ನದಿಯ ದಡದಲ್ಲಿರುವ ಶಿಬ್‌ಪುರದ ಬೆಂಗಾಲ್ ಎಂಜಿನಿಯರಿಂಗ್ ಕಾಲೇಜಿಗೆ. 1856ರಲ್ಲಿ ಶುರುವಾದ ಹಳೆಯ ಕಾಲೇಜು ಅದು. 1947ರಲ್ಲಿ ದೇಶ ಎರಡಾಯಿತು. ಮನೆಯಿರುವ ಢಾಕಾ ಪಾಕಿಸ್ತಾನಕ್ಕೆ ಹೋಯಿತು, ಕಾಲೇಜಿರುವ ಶಿಬ್‌ಪುರ ಭಾರತದಲ್ಲಿ ಉಳಿಯಿತು. ಪದವಿಯ ಕೊನೆಯ ಪರೀಕ್ಷೆ ಬಂದದ್ದು 1950ರಲ್ಲಿ. ಅದೇ ವರ್ಷ ಬಂಗಾಳದ ಎರಡೂ ಕಡೆ ಕೋಮು ಗಲಭೆ ಎದ್ದಿತು. ಪರೀಕ್ಷೆಯ ನಡುವೆಯೇ ಅವರು ಶಿಬ್‌ಪುರ ಬಿಟ್ಟು ಢಾಕಾಕ್ಕೆ ಹೋಗಬೇಕಾಯಿತು.

ನಮ್ಮಲ್ಲಿ ಪರೀಕ್ಷಾ ಕೇಂದ್ರ ಬದಲಾದರೇ ಅರ್ಧ ಜನರಿಗೆ ಜ್ವರ ಬರುತ್ತದೆ. ಅವರಿಗೆ ದೇಶವೇ ಬದಲಾಯಿತು. ಉಳಿದ ಪತ್ರಿಕೆಗಳನ್ನು ಢಾಕಾದ ಅಹ್ಸಾನುಲ್ಲಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬರೆದರು. ಎರಡು ಕಾಲೇಜುಗಳ ಅಂಕಗಳನ್ನು ಸೇರಿಸಿ, ವಿಶೇಷ ಪ್ರಕರಣ ಎಂದು ಪರಿಗಣಿಸಿ ಪದವಿ ಕೊಡಲಾಯಿತು. ಆ ಪರೀಕ್ಷೆಯಲ್ಲಿ ಮೊದಲ ಸ್ಥಾನ ಅವರದ್ದೇ. ಈ ಭಾಗವನ್ನು ನಾನು ಓದಿ ಹೇಳಿದಾಗ ಅಮ್ಮಿ ರೊಟ್ಟಿ ಲಟ್ಟಿಸುವುದನ್ನು ನಿಲ್ಲಿಸಿ, ಆ ಹುಡುಗನ ತಾಯಿ ಅಷ್ಟು ದಿನ ಹೇಗೆ ನಿದ್ದೆ ಮಾಡಿದರೋ ಎಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಪದವಿ ಸಿಕ್ಕಿತು. ಆಮೇಲೆ? ಹೆದ್ದಾರಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ ಮಾಡಿದರು, ಕಾಲೇಜಿನಲ್ಲಿ ಪಾಠವನ್ನೂ ಮಾಡಿದರು. ಹೊಸ ದೇಶ, ಎಂಜಿನಿಯರುಗಳು ಕಡಿಮೆ, ಮೊದಲ ಸ್ಥಾನ ಪಡೆದ ಹುಡುಗ. ಅಲ್ಲಿಯೇ ಇದ್ದಿದ್ದರೆ ನೌಕರಿ ಭದ್ರವಾಗಿಯೇ ನಡೆಯುತ್ತಿತ್ತು. ಅವರು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರು. ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನವೂ ಪಾಕಿಸ್ತಾನ ಸರ್ಕಾರದ ವಿದ್ಯಾರ್ಥಿವೇತನವೂ ಸಿಕ್ಕಿ, 1952ರಲ್ಲಿ ಅರ್ಬಾನಾ ಶಾಂಪೇನ್‌ನಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೊರಟರು. ಆಗ ವಯಸ್ಸು 23.

ಭಾಯಿಯ ಮುಂದೆ ನಾನು ಗಟ್ಟಿಯಾಗಿ ಓದಿದ ಭಾಗ ಇದರ ನಂತರದ್ದು. ಅಲ್ಲಿ ಅವರು ಇದ್ದದ್ದು ಮೂರು ವರ್ಷ. ಆ ಮೂರು ವರ್ಷದಲ್ಲಿ ಎರಡು ಸ್ನಾತಕೋತ್ತರ ಪದವಿ, ಒಂದು ಪಿಎಚ್.ಡಿ. ಪಿಎಚ್.ಡಿ.ಯೂ ಮೊದಲ ಸ್ನಾತಕೋತ್ತರ ಪದವಿಯೂ ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ, ಅಂದರೆ ಕಟ್ಟಡ, ಸೇತುವೆಗಳು ಬೀಳದಂತೆ ನಿಲ್ಲಿಸುವ ವಿದ್ಯೆಯಲ್ಲಿ. ಅದು ಅರ್ಥವಾಗುತ್ತದೆ, ಕೆಲಸ ಸಿಗುವುದೇ ಅದರಿಂದ. ಆದರೆ ಇನ್ನೊಂದು ಸ್ನಾತಕೋತ್ತರ ಪದವಿ ಸೈದ್ಧಾಂತಿಕ ಮತ್ತು ಅನ್ವಯಿಕ ಮೆಕ್ಯಾನಿಕ್ಸ್‌ನಲ್ಲಿ. ಇದೇನು ಎಂದು ಭಾಯಿಯನ್ನೇ ಕೇಳಿದೆ. ಬಲ ಎಂದರೇನು, ಅದು ಒಂದು ವಸ್ತುವಿನ ಒಳಗೆ ಹೇಗೆ ಹರಿಯುತ್ತದೆ, ವಸ್ತು ಅದಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೂಲ ಲೆಕ್ಕ ಎಂದ. ನಿನ್ನ ಬ್ಯಾಕ್‌ಲಾಗ್ ವಿಷಯವಾ ಎಂದೆ. ಉತ್ತರ ಕೊಡಲಿಲ್ಲ. ಖಾನ್ ಅದನ್ನು ಓದಲೇಬೇಕೆಂದು ಯಾರೂ ಹೇಳಿರಲಿಲ್ಲ. ಪಿಎಚ್.ಡಿ. ಇದ್ದವರಿಗೆ ಇನ್ನೊಂದು ಸ್ನಾತಕೋತ್ತರ ಪದವಿ ಯಾತಕ್ಕೆ? ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಗುತ್ತದೆ, ಅಷ್ಟೇ. ಅವರ ಪಿಎಚ್.ಡಿ. ಸಂಶೋಧನೆ ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ತೊಲೆಗಳ ಮೇಲೆ. ಗಗನಚುಂಬಿ ಕಟ್ಟಡಗಳ ಮೇಲಲ್ಲ. ಮುಂದೆ ಅವರಿಗೆ ಹೆಸರು ತಂದ ಕೆಲಸ ಯಾವ ಪದವಿಯ ಪಟ್ಟಿಯಲ್ಲೂ ಇರಲಿಲ್ಲ, ಏಕೆಂದರೆ ಆ ಕೆಲಸವನ್ನು ಇನ್ನೂ ಯಾರೂ ಕಂಡುಹಿಡಿದೇ ಇರಲಿಲ್ಲ.

1955ರಲ್ಲಿ ಚಿಕಾಗೋದಲ್ಲಿ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಎಂಬ ದೊಡ್ಡ ವಾಸ್ತುಶಿಲ್ಪ ಸಂಸ್ಥೆಗೆ ಸೇರಿದರು. ಎಲ್ಲರೂ ಎಸ್‌ಓಎಂ ಎನ್ನುತ್ತಾರೆ. ದುಬೈನ ಬುರ್ಜ್ ಖಲೀಫಾ ವಿನ್ಯಾಸ ಮಾಡಿದ್ದೂ ಇದೇ ಸಂಸ್ಥೆ, ಆದರೆ ಅದು ಖಾನ್ ತೀರಿಕೊಂಡು ಬಹಳ ವರ್ಷಗಳಾದ ಮೇಲೆ.

ಚಿಕಾಗೋದಿಂದ ಅವರು ನೇರವಾಗಿ ಮೇಲಕ್ಕೆ ಹೋದರು ಎಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅವರು ಪಾಕಿಸ್ತಾನಕ್ಕೆ ಮರಳಿದರು. ಕರಾಚಿ ಅಭಿವೃದ್ಧಿ ಪ್ರಾಧಿಕಾರದಲ್ಲಿ ಕಾರ್ಯಪಾಲಕ ಎಂಜಿನಿಯರ್ ಹುದ್ದೆ. ನಮ್ಮ ಮನೆಗಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದೇನಿದೆ? ಸರ್ಕಾರಿ ಹುದ್ದೆ, ಅಧಿಕಾರ, ಮದುವೆ ಸಂಬಂಧಗಳು ಮನೆ ಬಾಗಿಲಿಗೇ ಬರುತ್ತವೆ. ಆದರೆ ದಿನವೆಲ್ಲ ಆಡಳಿತದ ಕೆಲಸ. ವಿನ್ಯಾಸ ಮಾಡಲು ಬಿಡುವಿಲ್ಲ. ಅವರಿಗೆ ಅದು ಹಿಡಿಸಲಿಲ್ಲ. 1960ರಲ್ಲಿ ಆ ಹುದ್ದೆ ಬಿಟ್ಟು ಮತ್ತೆ ಚಿಕಾಗೋದ ಎಸ್‌ಓಎಂಗೆ ಹೋದರು. ಇಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ. ಹೊಸ ದೇಶಕ್ಕೆ ಅಂಥವರು ಬೇಕಿತ್ತು. ಆದರೆ ಎಂಜಿನಿಯರನ್ನು ಕರೆದು ಕಡತಕ್ಕೆ ಸಹಿ ಹಾಕಲು ಕೂರಿಸಿದರೆ ಅವನಾದರೂ ಏನು ಮಾಡಬೇಕು ಎಂಬುದು ಭಾಯಿಯ ವಾದ. ಈ ವಿಷಯದಲ್ಲಿ ನಾವಿಬ್ಬರೂ ಒಂದು ರಾತ್ರಿ ಜಗಳವಾಡಿದ್ದೇವೆ.

ಇನ್ನು ಕಟ್ಟಡಗಳ ವಿಷಯ. ವಾಣಿಜ್ಯ ವಿದ್ಯಾರ್ಥಿಗೆ ಇದು ಹೇಗೆ ಅರ್ಥವಾಯಿತು ಎಂದು ವಿಜ್ಞಾನ ವಿಭಾಗದವರು ಕೇಳಬಹುದು. ಅಬ್ಬಾ ಅವರಿಂದ ಅರ್ಥವಾಯಿತು. ಅವರದ್ದು ವೆಲ್ಡಿಂಗ್ ಅಂಗಡಿ. ಕಿಟಕಿ ಗ್ರಿಲ್, ಗೇಟು, ತಗಡಿನ ಶೆಡ್ ಮಾಡಿಕೊಡುತ್ತಾರೆ. ಅಂಗಡಿಯ ಲೆಕ್ಕದ ಪುಸ್ತಕ ಬರೆಯುವುದು ನಾನು. ನಮ್ಮಲ್ಲಿ ಎಲ್ಲವೂ ಕೆಜಿ ಲೆಕ್ಕ. ಒಂದು ಗೇಟಿಗೆ ಎಷ್ಟು ಕೆಜಿ ಕಬ್ಬಿಣ ಹೋಯಿತು ಎಂಬುದರ ಮೇಲೆ ಲಾಭ, ನಷ್ಟ ನಿಂತಿದೆ. ಜಾಸ್ತಿ ಹಾಕಿದರೆ ಅಬ್ಬಾಗೆ ನಷ್ಟ, ಕಡಿಮೆ ಹಾಕಿದರೆ ಗೇಟು ಜೋತು ಬೀಳುತ್ತದೆ, ಗಿರಾಕಿ ವಾಪಸ್ ಬರುತ್ತಾನೆ.

ಎತ್ತರದ ಕಟ್ಟಡದಲ್ಲೂ ಇದೇ ಕಷ್ಟ. ಕಟ್ಟಡದ ಭಾರವನ್ನು ಹೊರುವುದು ದೊಡ್ಡ ಸಮಸ್ಯೆಯಲ್ಲವಂತೆ. ಸಮಸ್ಯೆ ಇರುವುದು ಗಾಳಿಯಲ್ಲಿ. ನೆಲಕ್ಕೆ ಚುಚ್ಚಿದ ಸ್ಕೇಲನ್ನು ಮೇಲಿನಿಂದ ಬೆರಳಲ್ಲಿ ತಳ್ಳಿದರೆ ಹೇಗೆ ಬಾಗುತ್ತದೋ ಹಾಗೆ ಗಾಳಿ ಕಟ್ಟಡವನ್ನು ತಳ್ಳುತ್ತದೆ. ಹಳೆಯ ವಿಧಾನದಲ್ಲಿ ಕಂಬ, ತೊಲೆಗಳನ್ನು ಚೌಕಟ್ಟಿನಂತೆ ಜೋಡಿಸುತ್ತಿದ್ದರು. ಎತ್ತರ ಹೆಚ್ಚಿದಂತೆ ಗಾಳಿಗಾಗಿಯೇ ಹಾಕಬೇಕಾದ ಉಕ್ಕು ಅಂತಸ್ತುಗಳಿಗಿಂತ ವೇಗವಾಗಿ ಏರುತ್ತಿತ್ತು. 40 ಅಂತಸ್ತಿನ ಕಟ್ಟಡವನ್ನು 80 ಮಾಡಿದರೆ ಖರ್ಚು ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಹೀಗಾಗಿ ಒಂದು ಎತ್ತರದ ಮೇಲೆ ಕಟ್ಟುವುದು ದುಡ್ಡಿದ್ದವರ ಶೋಕಿಯಾಗಿತ್ತು, ವ್ಯಾಪಾರವಲ್ಲ.

ಖಾನ್ ಯೋಚಿಸಿದ್ದು ಬೇರೆ ರೀತಿ. ಬಲವನ್ನೆಲ್ಲ ಕಟ್ಟಡದ ಹೊರಗೋಡೆಗೆ ತಂದು, ಇಡೀ ಕಟ್ಟಡವನ್ನೇ ನೆಲದಿಂದ ಎದ್ದು ನಿಂತ ಒಂದು ಟೊಳ್ಳು ಕೊಳವೆಯನ್ನಾಗಿ ಮಾಡಿದರೆ ಹೇಗೆ? ಇದನ್ನು ಟ್ಯೂಬ್ ವಿನ್ಯಾಸ ಎನ್ನುತ್ತಾರೆ. ಇದನ್ನು ಅಬ್ಬಾ ಅವರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಒಂದೇ ಉದ್ದ, ಹೆಚ್ಚುಕಡಿಮೆ ಒಂದೇ ತೂಕದ ಎರಡು ತುಂಡು ತಂದರು. ಒಂದು ಗಟ್ಟಿ ಸರಳು, ಇನ್ನೊಂದು ಪೈಪು. ಮೊಣಕಾಲಿಗೆ ಒತ್ತಿ ಬಾಗಿಸು ಎಂದರು. ಸರಳು ಬಾಗಿತು. ಪೈಪು ಬಾಗಲಿಲ್ಲ, ನನ್ನ ಮೊಣಕಾಲು ನೊಂದಿತು. ಅಷ್ಟೇ ಕಬ್ಬಿಣ, ಆದರೆ ನಡುವೆ ಇರುವುದರ ಬದಲು ಅಂಚಿನಲ್ಲಿದೆ. ಮೂವತ್ತು ವರ್ಷದಿಂದ ಗೇಟಿಗೆ ಪೈಪು ಹಾಕುತ್ತಿರುವ ಅಬ್ಬಾ ಅವರಿಗೆ ಇದು ಕೈಗೆ ಗೊತ್ತು. ಖಾನ್ ಅವರಿಗೆ ಇದು ಲೆಕ್ಕದಲ್ಲಿ ಗೊತ್ತಿತ್ತು. ನೂರು ಅಂತಸ್ತಿನ ಕಟ್ಟಡವನ್ನು ಮೊಣಕಾಲಿಗೆ ಒತ್ತಿ ನೋಡಲು ಆಗುವುದಿಲ್ಲವಲ್ಲ. ಅಲ್ಲಿ ಬೇಕಾದದ್ದು ಆ ಎರಡನೇ ಪದವಿಯ ಮೆಕ್ಯಾನಿಕ್ಸ್.

ಮೊದಲು ಚಿಕಾಗೋದಲ್ಲೇ 1960ರ ದಶಕದ ಮಧ್ಯದಲ್ಲಿ 43 ಅಂತಸ್ತಿನ ಡೆವಿಟ್ ಚೆಸ್ಟ್‌ನಟ್ ಎಂಬ ಕಾಂಕ್ರೀಟ್ ವಸತಿ ಕಟ್ಟಡವನ್ನು ಹೀಗೆ ಕಟ್ಟಿದರು. ಹೊರಗೋಡೆಯಲ್ಲಿ ಕಂಬಗಳನ್ನು ಒಂದರ ಪಕ್ಕ ಒಂದು ಒತ್ತಾಗಿ ನಿಲ್ಲಿಸಿ, ಗೋಡೆಯೇ ಕೊಳವೆಯಂತೆ ಕೆಲಸ ಮಾಡುವ ಹಾಗೆ ಮಾಡಿದರು.

ನಂತರ ಬಂತು ಜಾನ್ ಹ್ಯಾನ್‌ಕಾಕ್ ಸೆಂಟರ್, ಭಾಯಿಯ ಪುಸ್ತಕದ ಚಿತ್ರದಲ್ಲಿದ್ದದ್ದು. ಇದರ ಹಿಂದೆ ಒಬ್ಬ ವಿದ್ಯಾರ್ಥಿ ಇದ್ದಾನೆ. ಖಾನ್ ಕಚೇರಿ ಕೆಲಸದ ಜೊತೆಗೆ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ವಾಸ್ತುಶಿಲ್ಪದ ಹುಡುಗರಿಗೆ ಪಾಠವನ್ನೂ ಮಾಡುತ್ತಿದ್ದರು. ಅಲ್ಲಿ ಅವರ ಮತ್ತು ಮೈರನ್ ಗೋಲ್ಡ್‌ಸ್ಮಿತ್ ಅವರ ಮಾರ್ಗದರ್ಶನದಲ್ಲಿ ಮಿಕಿಯೋ ಸಸಾಕಿ ಎಂಬ ವಿದ್ಯಾರ್ಥಿ ಒಂದು ಪ್ರಬಂಧ ಮಾಡಿದ. ಹೊರಗೋಡೆಯ ಮೇಲೆ ದೊಡ್ಡ ದೊಡ್ಡ ಅಡ್ಡಪಟ್ಟಿಗಳನ್ನು ಕತ್ತರಿಯಾಕಾರದಲ್ಲಿ ಹಾಕಿದರೆ ಎತ್ತರದ ಕಟ್ಟಡ ಹೇಗೆ ನಿಲ್ಲುತ್ತದೆ ಎಂಬುದು ಅದರ ವಿಷಯ. ಹ್ಯಾನ್‌ಕಾಕ್ ಕಟ್ಟಡದಲ್ಲಿ ಅದೇ ಯೋಚನೆ ನೂರು ಅಂತಸ್ತಾಗಿ, 344 ಮೀಟರ್ ಎತ್ತರ ಎದ್ದಿತು. ಪ್ರಾಜೆಕ್ಟ್ ವರದಿಗಳನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ನಮ್ಮ ಕಾಲದಲ್ಲಿ ಇದನ್ನು ನಂಬುವುದು ಸ್ವಲ್ಪ ಕಷ್ಟ.

ಆ ಕಟ್ಟಡದ ಅಡ್ಡಪಟ್ಟಿಗಳು ಇವತ್ತಿಗೂ ಹೊರಗೆ ಕಾಣುತ್ತವೆ, ಮುಚ್ಚಿಲ್ಲ. ಕೆಳಗೆ ಅಂಗಡಿಗಳು, ಅದರ ಮೇಲೆ ಕಚೇರಿಗಳು, 44ನೇ ಅಂತಸ್ತಿನ ಮೇಲೆ ಮನೆಗಳು. ಮೇಲೆ ಹೋದಂತೆ ಕಟ್ಟಡ ಕಿರಿದಾಗುತ್ತದೆ. ಅಷ್ಟು ಎತ್ತರದಲ್ಲಿ ಗಾಳಿಗೆ ಕಟ್ಟಡ ಸ್ವಲ್ಪ ತೂಗಿಯೇ ತೂಗುತ್ತದೆ. ಎಷ್ಟು ತೂಗಿದರೆ ಒಳಗಿದ್ದವರಿಗೆ ತಲೆ ಸುತ್ತುತ್ತದೆ ಎಂದು ಪುಸ್ತಕದಲ್ಲಿ ಇರಲಿಲ್ಲ. ಚಿಕಾಗೋದ ವಿಜ್ಞಾನ ಸಂಗ್ರಹಾಲಯದಲ್ಲಿ ಬಟ್ಟೆ ತೊಳೆಯುವ ಯಂತ್ರದ ಒಂದು ತಿರುಗುವ ಪ್ರದರ್ಶನವಿತ್ತು. ಅದರ ಮೇಲೆ ಜನರನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ, ಚಲನೆ ಯಾವಾಗ ಗೊತ್ತಾಗುತ್ತದೆ ಎಂದು ಅಳೆದುಕೊಂಡರು. ಈ ಮಹಾನ್ ವ್ಯಕ್ತಿಯ ಜೀವನದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದೇ.

ಈಗ ಕೆಜಿ ಲೆಕ್ಕಕ್ಕೆ ಬರುತ್ತೇನೆ. 1931ರಲ್ಲಿ ಮುಗಿದ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ 102 ಅಂತಸ್ತು. ಅದಕ್ಕೆ ಒಂದು ಚದರ ಮೀಟರಿಗೆ ಸುಮಾರು 206 ಕೆಜಿ ಉಕ್ಕು ಹಿಡಿದಿತ್ತು. ಹ್ಯಾನ್‌ಕಾಕ್ ಕಟ್ಟಡಕ್ಕೆ ಹಿಡಿದದ್ದು 145 ಕೆಜಿ. ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಚದರಡಿಗೆ 19 ಕೆಜಿ ಬೇಕಾಗಿದ್ದ ಕಡೆ ಹದಿಮೂರೂವರೆ ಕೆಜಿ. ಉಳಿತಾಯ ಚದರಡಿಗೆ ಐದೂವರೆ ಕೆಜಿ. ಹ್ಯಾನ್‌ಕಾಕ್ ಕಟ್ಟಡದ ಒಟ್ಟು ವಿಸ್ತೀರ್ಣ ಸುಮಾರು 28 ಲಕ್ಷ ಚದರಡಿ. ಗುಣಿಸಿದರೆ ಒಂದೂವರೆ ಕೋಟಿ ಕೆಜಿಗೂ ಸ್ವಲ್ಪ ಹೆಚ್ಚು. ಅಬ್ಬಾ ಅವರ ಅಂಗಡಿಗೆ ತಿಂಗಳಿಗೆ ಎರಡು ಟನ್ ಕಬ್ಬಿಣ ಬರುತ್ತದೆ. ಆ ಲೆಕ್ಕದಲ್ಲಿ ಒಂದು ಕಟ್ಟಡದಲ್ಲಿ ಉಳಿದ ಉಕ್ಕು ನಮ್ಮ ಅಂಗಡಿಗೆ ಆರುನೂರು ವರ್ಷಕ್ಕೂ ಹೆಚ್ಚು ಸಾಕು. ಇದನ್ನು ಕೇಳಿ ಅಬ್ಬಾ ಕ್ಯಾಲ್ಕುಲೇಟರ್ ಕಸಿದುಕೊಂಡು ತಾವೇ ಒಮ್ಮೆ ಮಾಡಿ ನೋಡಿದರು.

ಇಷ್ಟಕ್ಕೆ ಖಾನ್ ನಿಲ್ಲಲಿಲ್ಲ. ಎಷ್ಟು ಅಂತಸ್ತಿನವರೆಗೆ ಯಾವ ವಿಧಾನ ಅಗ್ಗ ಎಂದು ಒಂದು ಪಟ್ಟಿಯನ್ನೇ ಮಾಡಿದರು. ಸಾಮಾನ್ಯ ಚೌಕಟ್ಟು ಇಲ್ಲಿಯವರೆಗೆ, ಆಮೇಲೆ ಟ್ಯೂಬ್, ಅದರ ಮೇಲೆ ಅಡ್ಡಪಟ್ಟಿಯ ಟ್ಯೂಬ್, ಹೀಗೆ. ನಮ್ಮ ಲೆಕ್ಕಶಾಸ್ತ್ರದ ಕಣ್ಣಿಗೆ ಅದು ಒಂದು ದರಪಟ್ಟಿಯಂತೆಯೇ ಕಾಣುತ್ತದೆ. ಎಂಜಿನಿಯರಿಂಗ್ ಎಂದರೆ ನಮಗೆ ಸಂಬಂಧವಿಲ್ಲದ್ದು ಎಂದು ನಾನು ಹತ್ತನೇ ತರಗತಿ ಮುಗಿದಾಗಿನಿಂದ ಅಂದುಕೊಂಡಿದ್ದೆ. ವಾಣಿಜ್ಯ ತೆಗೆದುಕೊಂಡಾಗ ನಮ್ಮ ಸಂಬಂಧಿಕರಲ್ಲಿ ಕೆಲವರು ಪಾಪ ಎನ್ನುವಂತೆ ನೋಡಿದ್ದು ಇನ್ನೂ ನೆನಪಿದೆ.

ಆಮೇಲಿನದು ಸಿಯರ್ಸ್ ಟವರ್. ಈಗ ಅದರ ಹೆಸರು ವಿಲ್ಲಿಸ್ ಟವರ್. ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಅವರು ಒಂದಷ್ಟು ಸಿಗರೇಟುಗಳನ್ನು ಕೈಯಲ್ಲಿ ಕಟ್ಟಾಗಿ ಹಿಡಿದು, ಕೆಲವನ್ನು ಮೇಲೆ ಕೆಲವನ್ನು ಕೆಳಗೆ ಸರಿಸಿ ಖಾನ್ ಅವರಿಗೆ ತೋರಿಸಿದರಂತೆ. ನಮ್ಮ ಪ್ರಾಂಶುಪಾಲರು ಓದುವ ಪತ್ರಿಕೆಯಾದ್ದರಿಂದ ನೀವು ಅಗರಬತ್ತಿ ಎಂದುಕೊಳ್ಳಿ. ಒಂದು ಟ್ಯೂಬಿನ ಬದಲು ಒಂಬತ್ತು ಟ್ಯೂಬುಗಳ ಕಟ್ಟು. ಪ್ರತಿಯೊಂದೂ 75 ಅಡಿ ಚೌಕ. 50ನೇ ಅಂತಸ್ತಿನವರೆಗೆ ಒಂಬತ್ತೂ ಇವೆ. ಅಲ್ಲಿ ಎರಡು ನಿಲ್ಲುತ್ತವೆ, 66ರಲ್ಲಿ ಇನ್ನೆರಡು, 90ರಲ್ಲಿ ಮೂರು. ಕೊನೆಯ ಎರಡು ಮಾತ್ರ ಮೇಲಿನ ತನಕ ಹೋಗುತ್ತವೆ. 442 ಮೀಟರ್. 1974ರಲ್ಲಿ ಮುಗಿದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ಕೌಲಾಲಂಪುರದ ಪೆಟ್ರೋನಾಸ್ ಗೋಪುರಗಳು ಬಂದ ಮೇಲೆಯೇ ಆ ಹೆಸರು ಹೋದದ್ದು.

ಇಷ್ಟೆಲ್ಲ ನಡೆಯುವಾಗ 1971ರಲ್ಲಿ ಅವರ ಹುಟ್ಟೂರಿನಲ್ಲಿ ಯುದ್ಧ. ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಗಲು ಹೋರಾಡುತ್ತಿತ್ತು. ಖಾನ್ ಚಿಕಾಗೋದಲ್ಲಿ ಬಂಗಾಳಿಗಳನ್ನು ಸೇರಿಸಿ, ಸಂತ್ರಸ್ತರಿಗಾಗಿ ಹಣ ಸಂಗ್ರಹಿಸುವ ಸಂಸ್ಥೆ ಕಟ್ಟಿದರು. ಕರಾಚಿ ಬಿಟ್ಟು ಬಂದದ್ದರ ಬಗ್ಗೆ ನನಗಿದ್ದ ಅಸಮಾಧಾನ ಈ ಭಾಗ ಓದಿದ ಮೇಲೆ ಅರ್ಧ ಕಡಿಮೆಯಾಯಿತು. ರವೀಂದ್ರನಾಥ ಠಾಗೋರರ ಹಾಡುಗಳೆಂದರೆ ಅವರಿಗೆ ಬಹಳ ಪ್ರೀತಿ. ಆ ಹೊತ್ತಿಗೆ ಅವರು ಅಮೆರಿಕದ ಪೌರರಾಗಿದ್ದರು, ಪತ್ನಿ ಲೀಸೆಲೊಟ್ಟೆ, ಮಗಳು ಯಾಸ್ಮಿನ್ ಜೊತೆ ಅಲ್ಲೇ ಸಂಸಾರ. ಯಾಸ್ಮಿನ್ ಕೂಡ ಸ್ಟ್ರಕ್ಚರಲ್ ಎಂಜಿನಿಯರ್ ಆದರು, ತಂದೆಯ ಕೆಲಸದ ಬಗ್ಗೆ ಪುಸ್ತಕ ಬರೆದರು.

ಖಾನ್ ಅವರ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು ನಮ್ಮ ಮನೆಯವರೂ ನೋಡಿದ್ದು. ಜಿದ್ದಾ ವಿಮಾನ ನಿಲ್ದಾಣದ ಹಜ್ ಟರ್ಮಿನಲ್. ನಮ್ಮ ನಾನಿ ಹಜ್‌ಗೆ ಹೋಗಿ ಬಂದಾಗ ಜಮ್‌ಜಮ್ ನೀರು, ಖರ್ಜೂರದ ಜೊತೆ ಒಂದು ಮಾತನ್ನೂ ತಂದಿದ್ದರು. ವಿಮಾನ ಇಳಿದ ಮೇಲೆ ಬಸ್ಸಿಗಾಗಿ ದೊಡ್ಡ ದೊಡ್ಡ ಬಿಳಿ ಡೇರೆಗಳ ಕೆಳಗೆ ಕೂತಿದ್ದೆವು, ಗೋಡೆಯಿರಲಿಲ್ಲ, ಆದರೂ ನೆರಳು ತಂಪಾಗಿತ್ತು ಎಂದು. ಆ ಡೇರೆಗಳು 210. ಒಂದೊಂದೂ 45 ಮೀಟರ್ ಚೌಕ, ಟೆಫ್ಲಾನ್ ಲೇಪಿಸಿದ ಫೈಬರ್‌ಗ್ಲಾಸ್ ಬಟ್ಟೆಯದ್ದು, ಉಕ್ಕಿನ ಕಂಬಗಳಿಂದ ಹಗ್ಗದ ಮೇಲೆ ತೂಗುಬಿಟ್ಟದ್ದು. ವರ್ಷದಲ್ಲಿ ಕೆಲವೇ ವಾರ ಲಕ್ಷಗಟ್ಟಲೆ ಜನ ಬರುವ, ಉಳಿದ ಕಾಲ ಖಾಲಿ ಇರುವ ಜಾಗಕ್ಕೆ ಹವಾನಿಯಂತ್ರಿತ ಕಾಂಕ್ರೀಟ್ ಕಟ್ಟಡ ದಂಡ. ಬಟ್ಟೆ ಬಿಸಿಲನ್ನು ತಡೆಯುತ್ತದೆ, ಬಿಸಿ ಗಾಳಿ ಡೇರೆಯ ತುದಿಯ ತೆರವಿನಿಂದ ಮೇಲೆ ಹೋಗುತ್ತದೆ. 1981ರಲ್ಲಿ ಅದು ಬಳಕೆಗೆ ಬಂತು, 1983ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆಯಿತು. ಪ್ರಶಸ್ತಿಯನ್ನು ಅವರು ನೋಡಲಿಲ್ಲ. 1982ರ ಮಾರ್ಚ್ 27ರಂದು ಅದೇ ಜಿದ್ದಾದಲ್ಲಿ ಹೃದಯಾಘಾತವಾಗಿ ತೀರಿಕೊಂಡರು. 53 ತುಂಬಲು ಒಂದು ವಾರವಿತ್ತು. ಮಣ್ಣು ಮಾಡಿದ್ದು ಚಿಕಾಗೋದಲ್ಲಿ. ಬಾಂಗ್ಲಾದೇಶ ಸರ್ಕಾರ 1999ರಲ್ಲಿ ಅವರಿಗೆ ಮರಣೋತ್ತರವಾಗಿ ಸ್ವಾತಂತ್ರ್ಯ ದಿನದ ಪ್ರಶಸ್ತಿ ಕೊಟ್ಟಿತು. ಡೇರೆ ಕಟ್ಟಿದವರ ಹೆಸರು ಹೇಳಿದಾಗ ನಾನಿ ಅವರಿಗಾಗಿ ದುವಾ ಮಾಡಿದರು.

ಭಾಯಿಯ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಅವನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಸಾಫ್ಟ್‌ವೇರ್ ತರಬೇತಿ ಬಿಟ್ಟಿದ್ದಾನೆ ಎಂದೂ ಹೇಳಲಾರೆ, ವಾರಕ್ಕೆ ಎರಡು ದಿನ ಹೋಗುತ್ತಾನೆ, ಶುಲ್ಕ ಕಟ್ಟಿಯಾಗಿದೆ. ಆದರೆ ಬ್ಯಾಕ್‌ಲಾಗ್ ಪರೀಕ್ಷೆಗೆ ಈ ಸಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಓದಿದ. ಸರಳು, ಪೈಪು, ಆಂಗಲ್ ತುಂಡುಗಳನ್ನು ಮೇಜಿನ ಮೇಲಿಟ್ಟುಕೊಂಡು ಬಾಗುವಿಕೆಯ ಲೆಕ್ಕ ಮಾಡುತ್ತಿದ್ದ. ಪರೀಕ್ಷೆ ಬರೆದಾಗಿದೆ, ಫಲಿತಾಂಶ ಬಂದಿಲ್ಲ.

ಹೋದ ತಿಂಗಳು ಅಬ್ಬಾ ಅವರಿಗೆ ಒಂದು ಗೋದಾಮಿನ ಶೆಡ್ ಕೆಲಸ ಬಂತು. ಅಬ್ಬಾ ಯಾವಾಗಲೂ ಹಾಕುವ ದಪ್ಪ ಆಂಗಲ್‌ನ ಲೆಕ್ಕ ಹಾಕಿ 612 ಕೆಜಿ ಎಂದು ಬರೆಸಿದ್ದರು. ಭಾಯಿ ಎರಡು ರಾತ್ರಿ ಕೂತು ಬೇರೆ ರೀತಿಯ ಒಂದು ಟ್ರಸ್ ಬರೆದು ತಂದ. ಮಧ್ಯದಲ್ಲಿ ತೆಳುವಾದ ಪಟ್ಟಿ, ಅಂಚಿಗೆ ಪೈಪು. ಅಬ್ಬಾ ಕಾಗದ ನೋಡಿ ನಂಬಲಿಲ್ಲ. ಒಂದೇ ಒಂದು ಟ್ರಸ್ ಬೆಸುಗೆ ಹಾಕಿಸಿ, ಎರಡು ಗೋಡೆಯ ಮೇಲಿಟ್ಟು, ಮರಳಿನ ಮೂಟೆಗಳನ್ನು ತೂಗುಹಾಕಿ ರಾತ್ರಿಯಿಡೀ ಬಿಟ್ಟರು. ಬೆಳಗ್ಗೆ ಫಜ್ರ್ ನಮಾಜ್ ಮುಗಿಸಿ ಬಂದವರು ನೇರ ಅಂಗಡಿಗೆ ಹೋಗಿ, ದಾರ ಕಟ್ಟಿ ಅಳೆದು ನೋಡಿದರು. ಭಾಯಿಗೆ ಏನೂ ಹೇಳಲಿಲ್ಲ. ಸಂಜೆ ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ಇಟ್ಟು, 612 ಹೊಡೆದು ಹಾಕಿ 540 ಎಂದು ಬರೆ ಎಂದರು.